ಮಕ್ಕಳೊಡನೆ ಮಾದರಿ ವಿಮಾನ: ಕಟ್ಟುವ ಕ್ರಮ, ಮುರಿದುದನ್ನು ಸರಿಪಡಿಸುವ ಬಗೆ

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ಬೆನ್ನುನೋವು ಮೊದಲಾದವುಗಳನ್ನು ಕುರಿತು ವೈದ್ಯಮಿತ್ರರು ಬರೆಯುವ ಲೇಖನಗಳನ್ನು ನಾವೆಲ್ಲರೂ ಆದರದಿಂದ ಓದುತ್ತ ಬಂದಿದ್ದೇವೆ. ವಾಣಿಜ್ಯ ಪದವಿಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಜಮಾ-ಖರ್ಚುಗಳ ನಡುವೆ ದಿನ ಕಳೆಯುತ್ತಿರುವ ನನ್ನಂಥವನು ಆ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ಸಾಹಸವೇ ಸರಿ. ಆದರೂ ಸಂಪಾದಕ ಮಂಡಳಿಯವರ ಒತ್ತಾಯಕ್ಕೆ ಮಣಿದು, ನನಗೆ ತಿಳಿದಿರುವ ಒಂದು ಸಣ್ಣ ವಿಷಯವನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಅದು ಮಕ್ಕಳೊಡನೆ ಕುಳಿತು ಪ್ಲಾಸ್ಟಿಕ್ಕಿನ ಮಾದರಿ ವಿಮಾನಗಳನ್ನು ಕಟ್ಟುವ ಮತ್ತು ಅವು ಮುರಿದಾಗ ಭಾಗಗಳನ್ನು ಹೊಸದಾಗಿ ಮಾಡಿಕೊಳ್ಳುವ ವಿಷಯ. ಕಣ್ಣು, ಕೈ, ಉಸಿರು, ಮನಸ್ಸು ಈ ನಾಲ್ಕರ ಆರೋಗ್ಯವೂ ಇದರಲ್ಲಿ ಅಡಗಿದೆಯೆಂಬುದು ನನ್ನ ಅನುಭವ.

ಮಹಾನಗರದ ಮನೆಗಳಲ್ಲಿ ತಂದೆಯಾದವನು ಮಕ್ಕಳಿಗೆ ದೊರೆಯುವ ವೇಳೆ ಅತ್ಯಲ್ಪ. ಡೊಂಬಿವಲಿಯಿಂದ ಫೋರ್ಟಿಗೆ ಲೋಕಲ್ ಗಾಡಿಯಲ್ಲಿ ಹೋಗಿ ಬರುವುದರಲ್ಲೇ ದಿನದ ಮೂರು ಗಂಟೆಗಳು ಕರಗಿಹೋಗುತ್ತವೆ. ಮನೆ ಸೇರಿದಾಗ ಮಗು ಮೊಬೈಲಿನ ಪರದೆಯನ್ನು ನೋಡುತ್ತ ಕುಳಿತಿರುತ್ತದೆ. ಊಟವಾದ ಮೇಲೆ ತಂದೆಯೂ ಅದನ್ನೇ ಮಾಡುತ್ತಾನೆ. ನಾಲ್ಕು ವರ್ಷಗಳ ಹಿಂದೆ, ನನ್ನ ಮಗಳಿಗೆ ಎಂಟು ತುಂಬಿದ ಸಂದರ್ಭದಲ್ಲಿ, ಸ್ನೇಹಿತರೊಬ್ಬರು ಸ್ಪಿಟ್‌ಫೈರ್ ವಿಮಾನದ ಪೆಟ್ಟಿಗೆಯೊಂದನ್ನು ಉಡುಗೊರೆಯಾಗಿ ಕೊಟ್ಟರು. ಅಂದಿನಿಂದ ಭಾನುವಾರದ ಎರಡು ಗಂಟೆ ನಮ್ಮಿಬ್ಬರ ಪಾಲಿಗೆ ಮೀಸಲಾಯಿತು.

ಮಾದರಿ ವಿಮಾನವೆಂದರೇನು?

ಮೊದಲಿಗೆ ಪ್ರಮಾಣದ ಮಾತು. ಪೆಟ್ಟಿಗೆಯ ಮೇಲೆ 1/72, 1/48, 1/32 ಎಂದು ಮುದ್ರಿಸಿರುತ್ತಾರೆ. 1/72 ಎಂದರೆ ನಿಜವಾದ ವಿಮಾನದ 72 ಅಂಗುಲಗಳು, ಅರ್ಥಾತ್ ಆರು ಅಡಿಗಳು, ಮಾದರಿಯಲ್ಲಿ ಒಂದೇ ಅಂಗುಲವಾಗುತ್ತವೆ. ಆರಡಿ ಎತ್ತರದ ವಿಮಾನಚಾಲಕ ಇಲ್ಲಿ ಒಂದಂಗುಲದ ಗೊಂಬೆ. ಸ್ಪಿಟ್‌ಫೈರಿನ ರೆಕ್ಕೆಯ ಹರವು ಸುಮಾರು 11.2 ಮೀಟರ್, ಮಾದರಿಯಲ್ಲಿ ಅದು ಸುಮಾರು 156 ಮಿ.ಮೀ. ಭಾಗಾಕಾರವನ್ನು ಶಾಲೆಯ ಪುಸ್ತಕದಲ್ಲಿ ಬೇಸರದಿಂದ ಮಾಡುತ್ತಿದ್ದ ಮಗು ಇಲ್ಲಿ ತಾನಾಗಿಯೇ ಮಾಡತೊಡಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಹವ್ಯಾಸಕ್ಕೆ ಹಳೆಯ ಇತಿಹಾಸವಿದೆ. ಇಂಗ್ಲೆಂಡಿನಲ್ಲಿ 1936ರಲ್ಲಿ ಫ್ರಾಗ್ ಸಂಸ್ಥೆಯವರು ಪೆಂಗ್ವಿನ್ ಎಂಬ ಹೆಸರಿನಲ್ಲಿ ಇದೇ 1/72 ಪ್ರಮಾಣದ ಪ್ಲಾಸ್ಟಿಕ್ ಮಾದರಿಗಳನ್ನು ಹೊರತಂದರು. 1953ರಲ್ಲಿ ಏರ್‌ಫಿಕ್ಸ್ ಸಂಸ್ಥೆಯ ಮೊದಲ ವಿಮಾನ ಮಾದರಿ ಬಂದಿತು, ಅದೂ ಸ್ಪಿಟ್‌ಫೈರೇ. ಇಂದಿನ ಮಾದರಿಗಳು ಹೆಚ್ಚಾಗಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಬಲವಾಗಿ ತುಂಬಿ ತಣಿಸಿದಾಗ ಭಾಗಗಳೆಲ್ಲ ಒಂದು ಚೌಕಟ್ಟಿನ ಕಡ್ಡಿಗಳಿಗೆ, ಬಳ್ಳಿಗೆ ಕಾಯಿಗಳು ತೂಗಿದಂತೆ, ಅಂಟಿಕೊಂಡು ಹೊರಬರುತ್ತವೆ. ಪ್ರತಿಯೊಂದು ಭಾಗಕ್ಕೂ ಒಂದು ಸಂಖ್ಯೆ ಇರುತ್ತದೆ. ಭಾಗಗಳನ್ನು ಕತ್ತರಿಸಿದ ಮೇಲೆ ಉಳಿಯುವ ಆ ಕಡ್ಡಿಗಳನ್ನು ಕಸದ ಬುಟ್ಟಿಗೆ ಹಾಕಬಾರದು. ಅವುಗಳ ಉಪಯೋಗ ಮುಂದೆ ತಿಳಿದೀತು.

ಕಟ್ಟುವ ಕ್ರಮ

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಭಾಗಗಳನ್ನು ಬಿಡಿಸಲು ಚಿಕ್ಕ ಕಟ್ಟರ್, ಅಂಚು ತಿದ್ದಲು ಒಂದು ಸಣ್ಣ ಅರ ಮತ್ತು ನಯವಾದ ಉಪ್ಪುಕಾಗದ, ಹಿಡಿಯಲು ಚಿಮಟ, ಅಂಟು, ಎರಡು ಕುಂಚಗಳು, ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಮಾದರಿಯ ಬೆಲೆ ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರದವರೆಗೂ ಇರುವುದರಿಂದ ಮೊದಲಿಗೆ ಕಡಿಮೆ ಭಾಗಗಳ ಅಗ್ಗದ ಪೆಟ್ಟಿಗೆಯನ್ನೇ ಆರಿಸಿಕೊಳ್ಳುವುದು ವಿವೇಕ.

ಕೆಲಸದ ಹಂಚಿಕೆಯನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ಅಲಗು ಮತ್ತು ಬೆಂಕಿ ನನ್ನ ಪಾಲು. ಸಂಖ್ಯೆ ಹುಡುಕುವುದು, ಉಜ್ಜುವುದು, ಅಂಟುವ ಮೊದಲು ಒಣಗಿದಂತೆಯೇ ಜೋಡಿಸಿ ಪರೀಕ್ಷಿಸುವುದು, ಬಣ್ಣ ಬಳಿಯುವುದು ಮಗಳ ಪಾಲು. ಈ ಒಣ ಜೋಡಣೆಯನ್ನು ಎಂದೂ ಬಿಡಬಾರದು. ಅಂಟು ಹಚ್ಚಿದ ಮೇಲೆ ಗೊತ್ತಾಗುವ ತಪ್ಪು, ಸಹಿ ಹಾಕಿದ ಮೇಲೆ ಗೊತ್ತಾಗುವ ತಪ್ಪಿನಂತೆಯೇ ದುಬಾರಿ.

ಅಂಟುಗಳಲ್ಲಿ ಮೂರು ಬಗೆಯನ್ನು ತಿಳಿದಿದ್ದರೆ ಸಾಕು. ಮಾದರಿಗಳಿಗೆಂದೇ ದೊರೆಯುವ ದ್ರಾವಕದ ಅಂಟು ಎರಡೂ ಮೈಗಳ ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ ಒಂದಾಗಿ ಬೆಸೆಯುತ್ತದೆ. ಅದು ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಬೇಕು. ಬಣ್ಣ ಬಳಿದ ಮೈಯ ಮೇಲೆ ಅದು ಹಿಡಿಯುವುದಿಲ್ಲವಾದ್ದರಿಂದ ಬೆಸುಗೆಯ ಜಾಗದ ಬಣ್ಣವನ್ನು ಮೊದಲು ಕೆರೆದು ತೆಗೆಯಬೇಕು. ಎರಡನೆಯದು ಕ್ಷಣದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟು. ಲೋಹಕ್ಕೂ ಪ್ಲಾಸ್ಟಿಕ್ಕಿಗೂ ಇದು ಸಲ್ಲುತ್ತದೆ. ಆದರೆ ಅಡ್ಡ ಪೆಟ್ಟಿಗೆ ಬಲುಬೇಗ ಬಿಡುತ್ತದೆ, ಮತ್ತು ಇದರ ಆವಿ ಪಾರದರ್ಶಕ ಭಾಗಗಳನ್ನು ಮಬ್ಬಾಗಿಸುತ್ತದೆ. ಆದ್ದರಿಂದ ಚಾಲಕನ ಮೇಲಿನ ಗಾಜಿನಂಥ ಮುಚ್ಚಳಕ್ಕೆ ಮೂರನೆಯದಾದ ಬಿಳಿಯ ಅಂಟೇ, ಎಂದರೆ ಎಲ್ಲರ ಮನೆಯಲ್ಲಿರುವ ಫೆವಿಕಾಲೇ, ಉತ್ತಮ. ಅದು ಒಣಗಿದಾಗ ಪಾರದರ್ಶಕವಾಗುತ್ತದೆ.

ಒಂದು ಅನಿರೀಕ್ಷಿತ ಲಾಭವನ್ನೂ ಇಲ್ಲಿ ಹೇಳಬೇಕು. ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಹಿಂದಿ, ನೆರೆಮನೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳ ಕನ್ನಡದಲ್ಲಿ ನಾಮಪದಗಳು ಉಳಿದರೂ ಕ್ರಿಯಾಪದಗಳು ಕಳೆದುಹೋಗುತ್ತಿವೆ. ಕೆರೆ, ಉಜ್ಜು, ಒತ್ತು, ಅದ್ದು, ಒರೆಸು, ಸಡಿಲಿಸು, ಮೆಲ್ಲಗೆ ತಿರುಗಿಸು: ಇವೆಲ್ಲ ಕೈಕೆಲಸದ ಮಾತುಗಳು. ಕೈಗೆ ಕೆಲಸವಿಲ್ಲದ ಮನೆಯಲ್ಲಿ ಅವುಗಳಿಗೂ ಕೆಲಸವಿರುವುದಿಲ್ಲ. ಆ ಮೇಜಿನ ಬಳಿ ಅವು ಪಾಠವೆನ್ನಿಸದೆ ಮಗಳ ಬಾಯಿಗೆ ಬಂದುವು.

ಬೆಂಗಳೂರಿನ ನಂಟು

ಎರಡನೆಯ ವಿಮಾನವಾಗಿ ನಾವು ನ್ಯಾಟನ್ನು ಆರಿಸಿಕೊಂಡೆವು. ಬ್ರಿಟನ್ನಿನ ಫಾಲಂಡ್ ಸಂಸ್ಥೆಯಲ್ಲಿ ಪೆಟರ್ ಎಂಬ ವಿನ್ಯಾಸಕಾರರು ರೂಪಿಸಿದ ಈ ಪುಟ್ಟ ಕಾಳಗದ ವಿಮಾನವನ್ನು ಪರವಾನಗಿಯ ಮೇರೆಗೆ ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ತಯಾರಿಸಲಾಗಿತ್ತು. ಆ ಕಾರ್ಖಾನೆಯಾದರೋ 1940ರಲ್ಲಿ ಮುಂಬಯಿಯ ಉದ್ಯಮಿ ವಾಲಚಂದ್ ಹಿರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಸ್ಥಾಪಿಸಿದ್ದು. ಮುಂಬಯಿ ಕನ್ನಡಿಗರಾದ ನಮಗೆ ಎರಡೂ ಕಡೆಯ ಅಭಿಮಾನ. 1971ರ ಡಿಸೆಂಬರ್ 14ರಂದು ಶ್ರೀನಗರದ ವಾಯುನೆಲೆಯನ್ನು ರಕ್ಷಿಸುತ್ತ ವೀರಮರಣವನ್ನಪ್ಪಿ ಪರಮವೀರ ಚಕ್ರಕ್ಕೆ ಪಾತ್ರರಾದ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರು ಅಂದು ಹಾರಿಸಿದ್ದುದು ನ್ಯಾಟನ್ನೇ. ವರ್ಲಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಹೋಗಿದ್ದಾಗ, 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ, ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಮಾರುತ್ ಜೆಟ್ ವಿಮಾನವನ್ನು ಮಗಳಿಗೆ ತೋರಿಸಿದೆ. ಅವಳು ಮೊದಲು ನೋಡಿದ್ದು ಅದರ ಗಾಲಿಗಳನ್ನು. ಮಾದರಿ ಕಟ್ಟಿದವರ ಕಣ್ಣು ಹಾಗೆ.

ನ್ಯಾಟಿನ ರೆಕ್ಕೆಯ ಹರವು ಸುಮಾರು 6.7 ಮೀಟರ್. 1/72ರಲ್ಲಿ ಅದು ಸುಮಾರು 93 ಮಿ.ಮೀ., ಅಂಗೈಯಲ್ಲಿ ಕೂರುವಷ್ಟು. ಅದರ ಗಾಲಿಗಳು ರೆಕ್ಕೆಗಳೊಳಗಲ್ಲ, ಒಡಲೊಳಗೆ ಮಡಚಿಕೊಳ್ಳುತ್ತವೆ. ಗಾಲಿಗಳ ಬಾಗಿಲುಗಳನ್ನು ಸ್ವಲ್ಪವೇ ಇಳಿಸಿದರೆ ಅವು ವೇಗ ತಗ್ಗಿಸುವ ಗಾಳಿತಡೆಗಳಾಗಿಯೂ ಕೆಲಸ ಮಾಡುತ್ತಿದ್ದುವು. ಈ ಗಾಲಿಯ ಕಾಲುಗಳೇ ನಮ್ಮ ಕಥೆಯ ಕೇಂದ್ರ.

ಮುರಿಯುವುದೇಕೆ?

ಲೆಕ್ಕದಿಂದಲೇ ಇದನ್ನು ತಿಳಿಯಬಹುದು. ನಿಜವಾದ ವಿಮಾನದಲ್ಲಿ ಹತ್ತು ಸೆಂಟಿಮೀಟರ್ ದಪ್ಪವಿರುವ ಭಾಗ ಮಾದರಿಯಲ್ಲಿ 1.4 ಮಿ.ಮೀ. ಆಗುತ್ತದೆ. ಆ ಪುಟ್ಟ ವಿಮಾನದ ಭಾರವನ್ನು ಹೊರಲು ಅಷ್ಟು ಸಾಕು. ಆದರೆ ನಮ್ಮ ಬೆರಳು ಮಾತ್ರ 72 ಪಟ್ಟು ಚಿಕ್ಕದಾಗುವುದಿಲ್ಲ. ಹದಿನೈದು ಮಿ.ಮೀ. ದಪ್ಪದ ಬೆರಳು ಆ ವಿಮಾನದ ಪಾಲಿಗೆ ಒಂದು ಮೀಟರಿಗೂ ಮಿಗಿಲಾದ ದಪ್ಪದ ಕಂಬ. ಹೀಗಾಗಿ ಮೊದಲು ಮುರಿಯುವುವು ಗಾಲಿಯ ಕಾಲುಗಳು, ಮೂಗಿನ ಮುಂದಿನ ವೇಗಮಾಪಕ ನಳಿಕೆ, ಆಂಟೆನಾ ಕಡ್ಡಿಗಳು ಮತ್ತು ಪ್ರೊಪೆಲ್ಲರಿನ ಅಲಗುಗಳು. ತೀರ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗಾಲಿಗಳನ್ನು ಒಳಗೆ ಮಡಚಿದಂತೆ ಅಂಟಿಸಿ, ಹಾರುತ್ತಿರುವ ಭಂಗಿಯಲ್ಲಿ ಪೀಠದ ಮೇಲೆ ನಿಲ್ಲಿಸುವುದೇ ಲೇಸು.

ನಮ್ಮ ನ್ಯಾಟ್ ಮುರಿದ ಬಗೆಯನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಮಾರ್ಚ್ 31, ವಾರ್ಷಿಕ ಲೆಕ್ಕಮುಕ್ತಾಯದ ದಿನ. ರಾತ್ರಿ ಹನ್ನೊಂದರ ಹೊತ್ತಿಗೆ ಮನೆಗೆ ಬಂದವನು ಕಪಾಟಿನ ಮೇಲೆ ವಿಮಾನ ಒಂದು ಪಕ್ಕಕ್ಕೆ ವಾಲಿ ಕುಳಿತಿರುವುದನ್ನು ಕಂಡೆ. ಎಡಗಾಲು ನಡುವೆ ತುಂಡಾಗಿತ್ತು, ಗಾಲಿ ಇರಲಿಲ್ಲ. ಇನ್ನೂ ಎಚ್ಚರವಾಗಿದ್ದ ಮಗಳನ್ನು ಕರೆದು, ಆಡಬಾರದ ವಸ್ತುವನ್ನು ಆಡಲು ತೆಗೆದೆಯೆಂದು ಗದರಿಸಿದೆ. ಅವಳು "ನಾನಲ್ಲ ಅಪ್ಪಾ" ಎಂದು ಒಂದೇ ಬಾರಿ ಹೇಳಿದಳು. ಸುಳ್ಳು ಹೇಳಬೇಡವೆಂದು ಮತ್ತೊಮ್ಮೆ ಗದರಿಸಿದೆ. ಅವಳು ಮಾತನಾಡದೆ ಹೋಗಿ ಮಲಗಿದಳು.

ಏಪ್ರಿಲ್ 2ರಂದು ಕಚೇರಿಯಲ್ಲಿ ನನ್ನ ತೆರಿಗೆಯ ಕಾಗದಗಳ ಫೈಲನ್ನು ಬಿಚ್ಚಿದಾಗ ಮೆಣಸಿನ ಕಾಳಿನಷ್ಟು ದೊಡ್ಡ ಕರಿಯ ಗಾಲಿಯೊಂದು ಮೇಜಿನ ಮೇಲೆ ಉರುಳಿತು. ಮಾರ್ಚ್ 30ರ ರಾತ್ರಿ ದೀಪ ಹಾಕದೆಯೇ ಆ ಫೈಲನ್ನು ಕಪಾಟಿನ ಮೇಲಿನಿಂದ ಎಳೆದುಕೊಂಡಿದ್ದವನು ನಾನು.

ಅಂದು ಬೇಗನೆ ಮನೆಗೆ ಹೋಗಿ ಆ ಗಾಲಿಯನ್ನು ಅವಳ ಅಂಗೈಯಲ್ಲಿಟ್ಟು, "ಮುರಿದವನು ನಾನು ಪುಟ್ಟೀ, ತಪ್ಪು ನನ್ನದು" ಎಂದೆ. ಅವಳು ಗಾಲಿಯನ್ನು ನೋಡಿ, "ನಾನು ಹೇಳಿದ್ದೆನಲ್ಲ" ಎಂದಷ್ಟೇ ನುಡಿದು ಅದನ್ನು ಹಿಂದಿರುಗಿಸಿದಳು. ಮುಂದಿನ ಎರಡು ಭಾನುವಾರ ಅವಳು ಮೇಜಿನ ಬಳಿ ಬರಲಿಲ್ಲ. ನಾನೊಬ್ಬನೇ ಕುಳಿತು ಸರಿಪಡಿಸಬಹುದಾಗಿತ್ತು, ಮನಸ್ಸು ಒಪ್ಪಲಿಲ್ಲ. ಗಾಲಿಯನ್ನು ಒಂದು ಚಿಕ್ಕ ಡಬ್ಬಿಯಲ್ಲಿಟ್ಟು ವಿಮಾನದ ಪಕ್ಕದಲ್ಲಿ ಇರಿಸಿದೆ. ಮೂರನೆಯ ಭಾನುವಾರ ಅವಳು ತಾನಾಗಿಯೇ ಬಂದು, "ಅಪ್ಪಾ, ಇನ್ನೊಂದು ಕಾಲಿನ ಉದ್ದ ಅಳೆದಿರೇನು?" ಎಂದು ಕೇಳಿದಳು.

ಸರಿಪಡಿಸುವ ಬಗೆ

ಮುರಿದ ತುಂಡು ದೊರೆತಿದ್ದರೆ ಬರಿಯ ಅಂಟಿನಿಂದ ಕೂಡಿಸುವುದು ತಾತ್ಕಾಲಿಕ. ಒಳಗೊಂದು ಲೋಹದ ಕಡ್ಡಿ ಇರಬೇಕು. ನಾವು ಬಳಸಿದ್ದು ಸಣ್ಣ ಸ್ಟೇಪ್ಲರಿನ ಪಿನ್ನು, ಬ್ಯಾಂಕಿನವನಿಗೆ ಅದಕ್ಕಿಂತ ಸುಲಭವಾಗಿ ದೊರೆಯುವ ಲೋಹ ಯಾವುದು! ಅದರ ದಪ್ಪ ಸುಮಾರು ಅರ್ಧ ಮಿ.ಮೀ. ಮುರಿದ ಎರಡೂ ತುದಿಗಳ ನಡುಮಧ್ಯದಲ್ಲಿ ಸೂಜಿಯಿಂದ ಗುರುತು ಮಾಡಿ, ಬೆರಳುಗಳಿಂದಲೇ ತಿರುಗಿಸುವ ಪುಟ್ಟ ಬೈರಿಗೆಯಿಂದ ಎರಡು-ಮೂರು ಮಿ.ಮೀ. ಆಳದ ರಂಧ್ರ ಕೊರೆಯಬೇಕು. ವಿದ್ಯುತ್ತಿನ ಬೈರಿಗೆ ಬೇಡ; ಅದರ ಕಾವಿಗೆ ಪ್ಲಾಸ್ಟಿಕ್ ಕರಗುತ್ತದೆ. ಪಿನ್ನಿನ ನೇರ ಭಾಗವನ್ನು ಕತ್ತರಿಸಿ ಒಂದು ರಂಧ್ರದಲ್ಲಿ ಕ್ಷಣದ ಅಂಟಿನಿಂದ ಕೂರಿಸಿ, ಅದು ಗಟ್ಟಿಯಾದ ಮೇಲೆ ಮತ್ತೊಂದು ತುಂಡನ್ನು ಸೇರಿಸಬೇಕು. ವಿಮಾನ ನೇರವಾಗಿ ನಿಂತಿದೆಯೇ ಎಂಬುದನ್ನು ಎದುರಿನಿಂದ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಬೇಕು. ಆ ಕೆಲಸವನ್ನು ಮಗಳು ಮಾಡಿದಳು, ನಾನು ಹಿಡಿದುಕೊಂಡಿದ್ದೆ.

ತುಂಡು ಕಳೆದೇಹೋಗಿದ್ದರೆ ಹಲವು ದಾರಿಗಳುಂಟು.

ಮೊದಲನೆಯದು, ಮಿಕ್ಕ ಭಾಗಗಳ ಪೆಟ್ಟಿಗೆ. ಬಹಳಷ್ಟು ಮಾದರಿಗಳಲ್ಲಿ ಬೇರೆ ಬೇರೆ ನಮೂನೆಗಳಿಗಾಗಿ ಹೆಚ್ಚಿನ ಗಾಲಿ, ಬಾಂಬು, ಆಂಟೆನಾಗಳನ್ನು ಕೊಟ್ಟಿರುತ್ತಾರೆ. ಬಳಸದೆ ಉಳಿದುದನ್ನೆಲ್ಲ ಎತ್ತಿಡಬೇಕು. ವ್ಯವಹಾರದಲ್ಲಿ ಇದಕ್ಕೆ ಆಪದ್ಧನವೆನ್ನುತ್ತೇವೆ. ಸೂಚನಾಪತ್ರವನ್ನೂ ಜೋಪಾನ ಮಾಡಬೇಕು. ತಯಾರಕರಿಗಾಗಲಿ ಮಾದರಿ ಕಟ್ಟುವ ಮತ್ತೊಬ್ಬರಿಗಾಗಲಿ ಬರೆದು ಕೇಳುವಾಗ ಮಾದರಿಯ ಕ್ರಮಾಂಕ ಮತ್ತು ಭಾಗದ ಸಂಖ್ಯೆ ಇಲ್ಲದೆ ಏನೂ ನಡೆಯದು. ಎಡ ಮತ್ತು ಬಲದ ಕಾಲುಗಳು ನೋಡಲು ಒಂದೇ ಆದರೂ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿರುತ್ತವೆಂಬುದನ್ನು ಮರೆಯಬಾರದು.

ಎರಡನೆಯದು, ಎತ್ತಿಟ್ಟ ಚೌಕಟ್ಟಿನ ಕಡ್ಡಿ. ಅದನ್ನು ಮೇಣದ ಬತ್ತಿಯ ಜ್ವಾಲೆಗೆ ತಾಗಿಸದೆ ಎರಡಂಗುಲ ಮೇಲೆ ಹಿಡಿದು ತಿರುಗಿಸುತ್ತಿದ್ದರೆ ಕೆಲವೇ ಕ್ಷಣಗಳಲ್ಲಿ ಹೊಳಪೇರಿ ಮೆತ್ತಗಾಗುತ್ತದೆ. ಆಗ ಜ್ವಾಲೆಯಿಂದ ದೂರ ತಂದು ಎರಡೂ ತುದಿಗಳನ್ನು ಎಳೆದರೆ ಎಳೆಯಾಗುತ್ತದೆ. ಬೇಗ ಎಳೆದರೆ ಕೂದಲಿನಷ್ಟು ಸಣ್ಣದು, ನಿಧಾನವಾಗಿ ಎಳೆದರೆ ಕಡ್ಡಿಯಷ್ಟು ದಪ್ಪನೆಯದು. ಆಂಟೆನಾ, ಹಿಡಿಕೆ, ತಂತಿ ಎಲ್ಲಕ್ಕೂ ಇದು ಆದೀತು. ಇದು ಹಿರಿಯರ ಕೆಲಸ. ಮಗು ದೂರದಿಂದ ನೋಡಬಹುದು.

ಮೂರನೆಯದು, ನಕಲು ತೆಗೆಯುವುದು. ಉಳಿದಿರುವ ಗಾಲಿಗೆ ಚೂರು ಎಣ್ಣೆ ಸವರಿ, ಮಕ್ಕಳು ಆಡುವ ಮೆತ್ತನೆಯ ಬಣ್ಣದ ಜೇಡಿಗೆ ಅರ್ಧದಷ್ಟು ಒತ್ತಿ ತೆಗೆದರೆ ಅಚ್ಚು ಸಿದ್ಧ. ನಲ್ಲಿಯ ಸೋರಿಕೆ ನಿಲ್ಲಿಸಲು ತರುವ ಎಂ-ಸೀಲಿನ ಎರಡು ಮುದ್ದೆಗಳನ್ನು ಸಮನಾಗಿ ನಾದಿ ಅದರಲ್ಲಿ ತುಂಬಿ, ಮರುದಿನ ಬಿಡಿಸಿ, ಎರಡು ಅರ್ಧಗಳನ್ನು ಉಜ್ಜಿ ಕೂಡಿಸಿದರೆ ಹೊಸ ಗಾಲಿ. ನಾದುವಾಗ ಕೈಗವಸು ಅಗತ್ಯ. ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ.

ನಾಲ್ಕನೆಯದು, ಪಾರದರ್ಶಕ ಮುಚ್ಚಳ. ಮರದ ತುಂಡನ್ನು ಮುಚ್ಚಳದ ಆಕಾರಕ್ಕೆ ಕೆತ್ತಿ ನಯಗೊಳಿಸಿ, ಖಾಲಿಯಾದ ನೀರಿನ ಪ್ಲಾಸ್ಟಿಕ್ ಬಾಟಲಿಯ ತುಂಡಿನೊಳಗೆ ಇಟ್ಟು ಬಿಸಿಗಾಳಿ ಹಾಯಿಸಿದರೆ ಬಾಟಲಿ ಸುಕ್ಕಿಕೊಂಡು ಆ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ತಣಿದ ಮೇಲೆ ಬೇಕಾದ ಭಾಗವನ್ನು ಕತ್ತರಿಸಿಕೊಳ್ಳಬಹುದು. ಮೊದಲ ಪ್ರಯತ್ನ ಕೆಟ್ಟರೂ ನಷ್ಟವೇನಿಲ್ಲ. ಬಾಟಲಿಗಳಿಗೆ ನಮ್ಮ ನಗರದಲ್ಲಿ ಬರಗಾಲವಿಲ್ಲ.

ಆರೋಗ್ಯದ ಎಚ್ಚರಿಕೆಗಳು

ದ್ರಾವಕದ ಅಂಟು ಮತ್ತು ತಿನ್ನರಿನ ಆವಿ ತಲೆನೋವು, ತಲೆಸುತ್ತು ತರುತ್ತದೆ. ಮಗು ಮೇಜಿಗೆ ಮುಖ ಹತ್ತಿರವಿಟ್ಟುಕೊಂಡು ಕೂರುವುದರಿಂದ ಅದಕ್ಕೇ ಹೆಚ್ಚು ತಾಗುತ್ತದೆ. ಕಿಟಕಿ ತೆರೆದು, ಫ್ಯಾನಿನ ಗಾಳಿ ಹೊರಮುಖವಾಗಿರುವಂತೆ ಕೂರಬೇಕು. ಮುಂಬಯಿಯ ಮಳೆಗಾಲದಲ್ಲಿ ಕಿಟಕಿ ತೆರೆಯಲಾಗದ ದಿನ ಒಣ ಕೆಲಸ ಮಾತ್ರ ಮಾಡುವುದು ನಮ್ಮ ಪದ್ಧತಿ.

ದ್ರಾವಕವಿರುವ ಮೇಜಿನ ಮೇಲೆ ಮೇಣದ ಬತ್ತಿ ಎಂದಿಗೂ ಕೂಡದು. ಆವಿಗೆ ಬೆಂಕಿ ಹತ್ತುತ್ತದೆ.

ಕ್ಷಣದ ಅಂಟಿನಿಂದ ಬೆರಳುಗಳು ಅಂಟಿಕೊಂಡರೆ ಎಳೆಯಬಾರದು. ಬೆಚ್ಚನೆಯ ಸೋಪುನೀರಿನಲ್ಲಿ ನೆನೆಸಿ ಮೆಲ್ಲಗೆ ಹೊರಳಿಸಿ ಬಿಡಿಸಬೇಕು. ಕಣ್ಣಿಗೆ ಸಿಡಿದರೆ ರೆಪ್ಪೆಯನ್ನು ಬಲವಂತದಿಂದ ತೆರೆಯದೆ, ಬೆಚ್ಚನೆಯ ನೀರಿನಿಂದ ತೊಳೆಯುತ್ತ ಕೂಡಲೇ ವೈದ್ಯರನ್ನು ಕಾಣಬೇಕು. ಹತ್ತಿಯಿಂದಾಗಲಿ ಹತ್ತಿಬಟ್ಟೆಯಿಂದಾಗಲಿ ಈ ಅಂಟನ್ನು ಒರೆಸಬಾರದು. ಹತ್ತಿಯೊಡನೆ ಸೇರಿ ಅದು ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು.

ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಧೂಳು ಹಾರುವುದಿಲ್ಲ. ಕತ್ತರಿಸಿದ ಚೂರು ಕಣ್ಣಿಗೆ ಹಾರದಂತೆ ಕನ್ನಡಕವಿರಲಿ. ಮೂರು ವರ್ಷದೊಳಗಿನ ಕೂಸು ಮನೆಯಲ್ಲಿದ್ದರೆ ಸಣ್ಣ ಭಾಗಗಳು ನೆಲದ ಮೇಲೆ ಬೀಳದಂತೆ ತಟ್ಟೆಯೊಳಗೇ ಕೆಲಸ ಮಾಡಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಕಿಟಕಿಯಾಚೆ ದೂರಕ್ಕೆ ನೋಡುವುದು ತಂದೆ, ಮಗು ಇಬ್ಬರ ಕಣ್ಣಿಗೂ ಹಿತ.

ಕೊನೆಯ ಮಾತು

ಲೆಕ್ಕಪತ್ರದಲ್ಲಿ ತಪ್ಪು ನಮೂದನ್ನು ಕೆರೆದು ಅಳಿಸುವ ಪದ್ಧತಿಯಿಲ್ಲ. ತಪ್ಪನ್ನು ಹಾಗೆಯೇ ಬಿಟ್ಟು, ಅದನ್ನು ಸರಿಪಡಿಸುವ ಇನ್ನೊಂದು ನಮೂದನ್ನು ಬರೆಯುತ್ತೇವೆ. ಎರಡೂ ಪುಸ್ತಕದಲ್ಲಿ ಉಳಿಯುತ್ತವೆ. ನಮ್ಮ ನ್ಯಾಟಿನ ಎಡಗಾಲಿನ ನಡುವೆ ಈಗಲೂ ಒಂದು ಸಣ್ಣ ಗಂಟು ಕಾಣುತ್ತದೆ. ಅದನ್ನು ಉಜ್ಜಿ ಮರೆಮಾಡೋಣವೇ ಎಂದು ನಾನು ಕೇಳಿದಾಗ ಮಗಳು ಬೇಡವೆಂದಳು. ಬಣ್ಣವನ್ನು ಮಾತ್ರ ಬಳಿದಳು.

ಈಗ ಆ ವಿಮಾನ ಕಪಾಟಿನ ಮೇಲಿಲ್ಲ, ಬಾಗಿಲಿರುವ ಗಾಜಿನ ಗೂಡಿನಲ್ಲಿದೆ. ಫೈಲುಗಳ ಜಾಗ ಬದಲಾಗಿದೆ. ರಾತ್ರಿ ಏನನ್ನು ತೆಗೆಯಬೇಕಾದರೂ ನಾನು ಮೊದಲು ದೀಪ ಹಾಕುತ್ತೇನೆ. ವಾಚಕ ಬಂಧುಗಳಲ್ಲಿ ಯಾರಾದರೂ ಮಕ್ಕಳೊಡನೆ ಇಂಥ ಪೆಟ್ಟಿಗೆಯೊಂದನ್ನು ತೆರೆಯುವುದಾದರೆ ಚೌಕಟ್ಟಿನ ಕಡ್ಡಿಗಳನ್ನು ಎಸೆಯದಿರಲಿ, ಏನಾದರೂ ಮುರಿದ ದಿನ ಮಗುವನ್ನು ಕರೆಯುವ ಮುನ್ನ ತಮ್ಮ ಫೈಲನ್ನು ಒಮ್ಮೆ ಬಿಚ್ಚಿ ನೋಡಲಿ ಎಂದು ವಿನಂತಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.